ದಾರಿ ಕಂಡರೂ ಕೇಳಿ ಹೋಗಿ

ಡಿಸೆಂಬರ್ ತಿಂಗಳು, ಬೆಳಗಿನ ಆರೂವರೆ. ಮಾಗಡಿ ಕಡೆಯಿಂದ ಸಾವನದುರ್ಗಕ್ಕೆ ಹೊರಟಿದ್ದೀರಿ. ಟಾರು ರಸ್ತೆ ಬಿಟ್ಟು ಮಣ್ಣಿಗೆ ಸೈಕಲ್ ಇಳಿಸಿದ ಕೂಡಲೇ ಅವರೆಯ ಸೊಗಡು ಮೂಗಿಗೆ ಅಡರುತ್ತದೆ. ಮುಂದೆಲ್ಲ ಮಂಜು, ಅದರ ಮೇಲೆ ಬೆಟ್ಟದ ಬೋಳು ಬಂಡೆಯಷ್ಟೇ ಕಾಣುತ್ತಿದೆ. ಎರಡು ಗಾಲಿಜಾಡು, ನಡುವೆ ಗರಿಕೆ. ಇದು ಬಂಡಿದಾರಿ, ಧೈರ್ಯವಾಗಿ ತುಳಿಯಿರಿ.

ಅರ್ಧ ಮೈಲಿ ಹೋಗುವಷ್ಟರಲ್ಲಿ ಎಡಕ್ಕೊಂದು ಸಣ್ಣ ಜಾಡು ಕವಲೊಡೆಯುತ್ತದೆ. ಬದುವಿನ ಮೇಲೆ ಹಾವಿನಂತೆ ಹರಿದ ಇಳಿಜಾರು. ಕೈ ತಾನಾಗಿ ಅತ್ತ ತಿರುಗುತ್ತದೆ. ನಿಲ್ಲಿ. ಫೋನಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಸಿಗುತ್ತದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ ಚುಕ್ಕೆಗೆರೆ. ಈ ಜಾಡಿಗೆ ಯಾವ ಗೆರೆಯೂ ಇಲ್ಲ. ಜಮೀನಿನವರು ತಮ್ಮ ಹೊಲಕ್ಕೆ ತಾವೇ ನಡೆದು ಮಾಡಿಕೊಂಡ ದಾರಿಯಿದು.

ಹೊಲ ಖಾಲಿಯಿದೆ ಅನ್ನಿಸುತ್ತದೆ. ರಾಗಿ ಕೊಯ್ಲಾಗಿ ಕೂಳೆ ಉಳಿದಿದೆ. ಬಗ್ಗಿ ನೋಡಿ: ಕೂಳೆಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ನಿಂತಿದೆ, ಹೂವೂ ಕಾಯೂ ಒಟ್ಟಿಗೆ. ಕಾಲಡಿಯ ಬದು ಸಡಿಲ ಮಣ್ಣಿನದು. ಹೊಲದ ಮಣ್ಣನ್ನೂ ನೀರನ್ನೂ ಹಿಡಿದಿಟ್ಟಿರುವುದು ಇದೇ ಬದು. ಟೈರಿನ ಹಲ್ಲು ಇಲ್ಲಿ ಗೀರಿದರೆ ಮುಂದಿನ ಮಳೆಗೆ ಅದೇ ಗೀರು ಕೊರಕಲಾಗುತ್ತದೆ.

ಬದುವಿನಾಚೆ ಹಿಪ್ಪುನೇರಳೆ ತೋಟ. ಸೊಪ್ಪು ಕೊಯ್ಯುತ್ತಿದ್ದ ಹೆಂಗಸು ತಲೆಯೆತ್ತುತ್ತಾರೆ.

“ಅಣ್ಣ, ಅಲ್ಲೇ ಇಳೀರಿ. ಸೊಪ್ಪಿಗೆ ಧೂಳು ಎಬ್ಬಿಸ್ಬ್ಯಾಡಿ. ಹುಳ ನಾಕ್ನೇ ಜ್ವರ ಎದ್ದೈತೆ.”

ಜ್ವರವೆಂದರೆ ಹುಳ ಪೊರೆ ಬಿಡುವುದು. ನಾಲ್ಕನೆಯದು ಮುಗಿದ ಮೇಲಿನ ಈ ಕೊನೆಯ ಹಂತದ ಏಳೆಂಟು ದಿನದಲ್ಲೇ ರೇಷ್ಮೆಹುಳ ತನ್ನ ಜೀವಮಾನದ ಮೇವಿನ ಬಹುಪಾಲು ತಿನ್ನುತ್ತದೆ. ಧೂಳು ಕೂತ ಸೊಪ್ಪನ್ನು ಸರಿಯಾಗಿ ಮೇಯುವುದಿಲ್ಲ. ಮೇವು ಕೆಟ್ಟರೆ ಗೂಡು ಹಗುರ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಕೈಗೆ ಬರುವ ಕಾಸೂ ಕಡಿಮೆ.

ಸೈಕಲ್ ಇಳಿದು ಕೇಳುತ್ತೀರಿ: “ಅಕ್ಕ, ಈ ಕಡೆಯಿಂದ ಬೆಟ್ಟದ ರಸ್ತೆಗೆ ಹೋಗಬಹುದಾ?”

“ತೆಂಗಿನ ಸಾಲು ಹಿಡ್ಕಂಡು ತಳ್ಕಂಡು ಹೋಗಿ. ಕೊನೇಲಿ ತಡಿಕೆ ಐತೆ, ಮುಚ್ಚಿ ಹೋಗಿ. ಇಲ್ದಿದ್ರೆ ಮೇಕೆ ನುಗ್ತವೆ.”

ದಾರಿ ಸಿಕ್ಕಿತು. ಹುಳದ ಮನೆ ಎದುರಾದರೂ ಇಣುಕಬೇಡಿ. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆಂದೇ ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಚೆಲ್ಲಿರುತ್ತಾರೆ. ತಡಿಕೆ ಎತ್ತಿ, ದಾಟಿ, ಹಗ್ಗವನ್ನು ಇದ್ದ ಹಾಗೇ ಬಿಗಿಯಿರಿ.

ಕೇಳುವುದು ಬರೀ ಮರ್ಯಾದೆಯ ಮಾತಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಯಾರ ಅಡ್ಡಿಯೂ ಇಲ್ಲದೆ 20 ವರ್ಷ ತನ್ನ ಹಕ್ಕೆಂಬಂತೆ ಬಳಸಿದ ದಾರಿ ಹಕ್ಕೇ ಆಗಿಬಿಡಬಹುದು. ಹೊರಗಿನವರು ಓಡಾಡಿದರೆ ಜಮೀನಿನವರಿಗೆ ದಿಗಿಲಾಗುವುದು ಸಹಜ. ಅಪ್ಪಣೆ ಪಡೆದು ನಡೆದವರಿಗೆ ಅಂಥ ಹಕ್ಕು ಹುಟ್ಟುವುದಿಲ್ಲ. ನಿಮ್ಮ ಒಂದು ಪ್ರಶ್ನೆ ಅವರ ಭೂಮಿಗೂ ರಕ್ಷೆ.

ಮನೆಗೆ ಬಂದು ಈ ಸವಾರಿಯನ್ನು ಸ್ಟ್ರಾವಾ ಆ್ಯಪ್‌ನಲ್ಲಿ ಹಂಚಿಕೊಳ್ಳುವಾಗ ನಕ್ಷೆಯನ್ನು ಮರೆಮಾಡಿ. ಅಕ್ಕ ದಾರಿ ಬಿಟ್ಟದ್ದು ನಿಮಗೆ. ಮುಂದಿನ ಭಾನುವಾರ ಅದೇ ಗೆರೆ ಹಿಡಿದು ಬರುವ ಇಡೀ ಗುಂಪಿಗಲ್ಲ.

ಕೆಲವು ಕಡೆ ಜಮೀನಿನವರ ಒಪ್ಪಿಗೆ ಸಾಲದು. ಸಾವನದುರ್ಗದ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿನ ಬಂಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗೆ ಗಲಾಟೆ ಆಗದು. ಕನಕಪುರ, ಚನ್ನಪಟ್ಟಣದ ಕಡೆ ಆನೆ ಕಾಟಕ್ಕೆ ಹೊಲದ ಸುತ್ತ ವಿದ್ಯುತ್ ತಂತಿ ಬಿಗಿದಿರುತ್ತಾರೆ. ನಸುಕಿನಲ್ಲಿ ತಂತಿ ನುಸುಳುವ ಸಾಹಸ ಜೀವಕ್ಕೇ ಎರವು.

ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಯವರು ಕೇಳಿದವರಿಗೆ ದಾರಿ ತೋರಿಸುತ್ತಾರೆ, ಬಾಯಾರಿದವರಿಗೆ ನೀರು ಕೊಡುತ್ತಾರೆ. ಒಬ್ಬ ಸವಾರ ತಡಿಕೆ ತೆರೆದಿಟ್ಟು ಹೋದರೆ ಮರುದಿನ ಅಲ್ಲಿ ಮುಳ್ಳು ಬೀಳುತ್ತದೆ, ಎಲ್ಲರಿಗೂ. ಮೊದಲು ಸೈಕಲ್ ಇಳಿಯಿರಿ, ಕೇಳಿ. ಬೇಡ ಅಂದರೆ ತಕರಾರಿಲ್ಲದೆ ಹಿಂದಿರುಗಿ.