ಗಸಿ, ತಿಳಿ ಮತ್ತು ಎರಡನೇ ಡಬ್ಬಿ

ಜಿಲ್ಲೆಯಲ್ಲಿ ಕುಳಿತು ಸುದ್ದಿ ಬರೆಯುವ ನಮಗೆ ಕೈಗೆ ಹತ್ತಿದ ಪದಗಳಲ್ಲಿ ‘ಬೆಲ್ಲದ ಕೊಳೆ’ಯೂ ಒಂದು. ಅಬಕಾರಿ ದಾಳಿ ಆಯಿತೆಂದರೆ ಸಾಲು ಮೊದಲೇ ಗೊತ್ತು: ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ, ಇಷ್ಟು ಲೀಟರ್ ಕಳ್ಳಭಟ್ಟಿ ವಶ. ಅಂಥ ಕೊಳೆಯೊಳಗೆ ಏನು ನಡೆಯುತ್ತದೆ ಎಂದು ನಮಗೆ ಬಿಡಿಸಿ ಹೇಳಿದವನು ಇಳಕಲ್ಲಿನ ಗೆಳೆಯ. ಅವನೀಗ ಅಮೆರಿಕದಲ್ಲಿದ್ದಾನೆ, ಮನೆಯಲ್ಲೇ ಬಿಯರ್ ಮಾಡುತ್ತಾನೆ.

ಅಲ್ಲಿ ಅದು ಅಪರಾಧವಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ಸ್ವಂತಕ್ಕಾಗಿ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ. ಇದನ್ನು ಓದಿ ಯಾರೂ ಅಟ್ಟದ ಮೇಲೆ ಡಬ್ಬಿ ಇಡಬೇಡಿ.

ಗೆಳೆಯನ ತಕರಾರು ಗಸಿಯದ್ದು. 20 ಲೀಟರಿನ ಡಬ್ಬಿಯ ತಳದಲ್ಲಿ ಕೆಸರಿನಂತೆ ಕೂರುತ್ತದೆ, ಗ್ಲಾಸಿಗೂ ಬರುತ್ತದೆ, ಎರಡನೇ ಡಬ್ಬಿಗೆ ಬಗ್ಗಿಸಲೇ ಎಂದು ಕೇಳಿದ. ನಮಗೆ ಹುನಗುಂದ ಕಡೆಯ ಮಳೆಗಾಲ ನೆನಪಾಯಿತು. ಹೊಳೆಗೆ ಹೊಸ ನೀರು ಬಂದಾಗ ರಾಡಿ ನೀರನ್ನು ಹರವಿಯಲ್ಲಿ ತುಂಬಿ, ಪಟಕ ಆಡಿಸಿ, ರಾತ್ರಿಯೆಲ್ಲ ಅಲುಗಿಸದೆ ಬಿಡುತ್ತಿದ್ದರು. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಕೊಡಕ್ಕೆ ಬಗ್ಗಿಸುವುದು. ‘ಇದಕ್ಕೇನು ಕೇಳೂದು, ಬಗ್ಗಿಸು’ ಎಂದೆವು.

ಓದುತ್ತ ಹೋದಂತೆ ವಿಷಯ ಅಷ್ಟು ಸರಳ ಇರಲಿಲ್ಲ. ಬಿಯರಿನ ಗಸಿ ಹೆಚ್ಚಾಗಿ ಯೀಸ್ಟ್. ಜೊತೆಗೆ ಧಾನ್ಯದ ಪ್ರೋಟೀನು, ಹಾಪ್ಸ್ ಚೂರು. ಸಕ್ಕರೆ ತಿಂದು ಮುಗಿಸಿದ ಯೀಸ್ಟ್ ತಾನಾಗಿಯೇ ಮುದ್ದೆಗಟ್ಟಿ ಕೆಳಗಿಳಿಯುತ್ತದೆ. ಅದನ್ನು ಇಳಿಸುವುದು ಡಬ್ಬಿಯ ಸಂಖ್ಯೆಯಲ್ಲ, ಸಮಯ ಮತ್ತು ತಂಪು. ಕುದಿ ಮುಗಿದ ಡಬ್ಬಿಯನ್ನು ಎರಡು ಮೂರು ದಿನ ಫ್ರಿಜ್‌ನ ತಂಪಿನಲ್ಲಿಟ್ಟರೆ ಒಂದೇ ಡಬ್ಬಿಯಲ್ಲೂ ತಿಳಿಯಾಗುತ್ತದೆ. ಬಗ್ಗಿಸುವಾಗ ನೀರಿಗೆ ಗಾಳಿ ತಾಗಿದರೆ ಏನೂ ಆಗದು. ಬಿಯರಿಗೆ ತಾಗಿದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಕೊಳವೆ ಸ್ವಚ್ಛ ಇರದಿದ್ದರೆ ಹುಳಿಯಾಗುತ್ತದೆ.

ಎರಡನೇ ಪಾತ್ರೆ ನಿಜಕ್ಕೂ ಬೇಕಾಗುವುದು ತಿಂಗಳುಗಟ್ಟಲೆ ಇಡುವಾಗ ಅಥವಾ ಹಣ್ಣು ಹಾಕುವಾಗ. ವೈನ್ ಮಾಡುವವರು ಅದಕ್ಕೇ ಮತ್ತೆ ಮತ್ತೆ ಬಗ್ಗಿಸುತ್ತಾರೆ.  ಬಿಯರ್ ವಾರಗಳಲ್ಲಿ ಕುಡಿದು ಮುಗಿಯುವಂಥದ್ದು. ಮೇಲಾಗಿ ಬಾಟಲಿಯಲ್ಲೇ ಗ್ಯಾಸ್ ಹುಟ್ಟಿಸುವ ಬಿಯರಿನಲ್ಲಿ ಎಷ್ಟು ಡಬ್ಬಿ ಬದಲಿಸಿದರೂ ತಳದಲ್ಲಿ ತೆಳುವಾಗಿ ಗಸಿ ಕೂತೇ ಕೂರುತ್ತದೆ. ಮೆಲ್ಲಗೆ ಬಗ್ಗಿಸಿ ಕೊನೆಯ ಗುಟುಕು ಬಿಟ್ಟರಾಯಿತು. ಕುಡಿದರೂ ಹೊಟ್ಟೆ ಸ್ವಲ್ಪ ಗುಡುಗುಡು ಎನ್ನಬಹುದು, ಅಷ್ಟೇ.

ಗೆಳೆಯನ ಪ್ರಶ್ನೆ ಅಲ್ಲಿಗೆ ಮುಗಿಯಿತು, ನಮ್ಮದು ಮುಗಿಯಲಿಲ್ಲ. ಬಾದಾಮಿ ಕಡೆಯ ಹಳ್ಳಿಯೊಂದರ ಕಟ್ಟೆಯ ಮೇಲೆ ಹಿಂದೊಮ್ಮೆ ಕಳ್ಳಭಟ್ಟಿ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ: ‘ನೀರಿನಂಗ ತಿಳಿ ಐತ್ರೀ, ಏನ್ ಆಗತೈತಿ?’ ಜನ ಕಣ್ಣಿನಿಂದಲೇ ಪರೀಕ್ಷೆ ಮಾಡುತ್ತಾರೆ. ಆದರೆ ಭಟ್ಟಿ ಇಳಿಸಿದ್ದು ತಿಳಿಯಾಗಿಯೇ ಇರುತ್ತದೆ, ಯಾಕೆಂದರೆ ಅದು ಆವಿಯಾಗಿ ಬಂದದ್ದು. ಗಸಿ ಹಂಡೆಯಲ್ಲೇ ಉಳಿಯುತ್ತದೆ. ಅದಕ್ಕೆ ಯಾರಾದರೂ ಕೈಗಾರಿಕೆಯ ಮೆಥನಾಲ್ ಬೆರೆಸಿದರೆ ಅದೂ ತಿಳಿಯೇ. ಬಣ್ಣವಿಲ್ಲ, ನಾಲಿಗೆಗೂ ಸುಲಭಕ್ಕೆ ಗೊತ್ತಾಗದು. ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಜೀವ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು; ಮರುವರ್ಷದ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ಪಕ್ಕದ ಕೃಷ್ಣಗಿರಿ ಕಡೆ ಮತ್ತೆ 150ರಷ್ಟು ಜನ ಹೋದರು. ಹೆಚ್ಚಿನವರು ಕೂಲಿಕಾರರು.

ಹೀಗಾಗಿ ಕಾಣುವ ಗಸಿಗೆ ಹೆದರಬೇಕಾಗಿಲ್ಲ, ತಿಳಿಯನ್ನು ಹಾಗೇ ನಂಬಬೇಕಾಗಿಲ್ಲ. ಅಬಕಾರಿ ಪ್ರಕಟಣೆ ಬಂದಾಗ ಲೀಟರ್ ಲೆಕ್ಕ ಬರೆದುಕೊಂಡ ಮೇಲೆ ನಾವು ಇನ್ನೂ ಮೂರು ಪ್ರಶ್ನೆ ಕೇಳುತ್ತೇವೆ. ಮಾದರಿ ತೆಗೆದಿರಾ? ಪ್ರಯೋಗಾಲಯಕ್ಕೆ ಕಳಿಸಿದಿರಾ? ಮೆಥನಾಲ್ ಇತ್ತಾ? ಮೊದಲೆರಡಕ್ಕೆ ಉತ್ತರ ಅವತ್ತೇ ಸಿಗಬಹುದು, ಮೂರನೆಯದಕ್ಕೆ ಕಾಯಬೇಕು. ಕಾಯುವಷ್ಟು ಜಾಗ ಪತ್ರಿಕೆಯಲ್ಲಿ ಇರುವುದಿಲ್ಲ ನಿಜ. ಆದರೆ ಡೈರಿಯಲ್ಲಿ ದಿನಾಂಕ ಬರೆದಿಟ್ಟುಕೊಂಡು ಎರಡು ವಾರದ ಮೇಲೆ ಇನ್ನೊಂದು ಫೋನ್ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ನಿಮ್ಮ ತಾಲೂಕಿನಲ್ಲೂ ಕೇಳಿ ನೋಡಿ.