ಏರಿಯಲ್ ಕಳಚಿದ ದಿನ

ಡೊಂಬಿವಲಿಯಲ್ಲಿ ನೆಲೆಸಿದ್ದ ಆ ಅಧ್ಯಾಪಕರಿಗೆ ಊರು ಧಾರವಾಡದಲ್ಲಿದ್ದರೂ ಊರಿನ ದಾರಿ ಆರಂಭವಾಗುತ್ತಿದ್ದುದು ಕೊಲ್ಹಾಪುರದಿಂದ. 1989ರಲ್ಲಿ ಕೊಂಡ ಹಳೆಯ ಪದ್ಮಿನಿ ಕಾರಿನ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯ ದನಿ ಹಗಲಿನ ಹೊತ್ತು ತಿಳಿಯಾಗಿ ಕೇಳತೊಡಗುತ್ತಿದ್ದುದು ಅಲ್ಲಿಂದಲೇ. ಆಗ ಹಿಂದಿನ ಸೀಟಿನಲ್ಲಿದ್ದ ಮಕ್ಕಳು ಮಾತು ನಿಲ್ಲಿಸಬೇಕಿತ್ತು. ಸಂಕೇಶ್ವರದ ಬಳಿ, “ಅಪ್ಪಾ, ಇದು ಯಾವ ಹೊಳಿ?” ಎಂದು ಮಗ ಕೇಳಿದರೂ ಅವರು ಕೈಯೆತ್ತಿ ಸುಮ್ಮನಿರಿಸುತ್ತಿದ್ದರು.

1950ರಲ್ಲಿ ಆರಂಭವಾದ ಆ ಕೇಂದ್ರದ ಮಧ್ಯಮ ತರಂಗದ ಆವರ್ತನ 765 ಕಿಲೋಹರ್ಟ್ಸ್. ತರಂಗದ ಉದ್ದ ಸುಮಾರು 392 ಮೀಟರು. ಅದನ್ನು ಹಿಡಿಯಲು ಕಾರಿನ ನೆತ್ತಿಯ ಮೇಲೆ ಒಂದು ಮೀಟರಿಗೂ ಕಡಿಮೆ ಉದ್ದದ ಕಡ್ಡಿ. ಕಡ್ಡಿಯ ಬುಡಕ್ಕೆ ಕಾರಿನ ಲೋಹದೊಡನೆ ನೇರ ಸಂಪರ್ಕ ಬೇಕೆಂದು ಅಲ್ಲಿಯ ಬಣ್ಣವನ್ನು ಕೆರೆದು ತಗಡನ್ನು ಬರಿದುಮಾಡಿದ್ದರು. ವರ್ಷಗಳು ಕಳೆದಂತೆ ಬುಡದ ರಬ್ಬರು ಬಿರಿದು, ಅದೇ ಜಾಗಕ್ಕೆ ತುಕ್ಕು ಹಿಡಿಯಿತು.

2006ರ ಮಳೆಗಾಲದಲ್ಲಿ ನೀರು ಒಳಗೆ ತೊಟ್ಟಿಕ್ಕತೊಡಗಿದಾಗ ಮಗ ಹೇಳಿದ: “ಅಪ್ಪಾ, ರೇಡಿಯೋ ಕೆಟ್ಟು ಎರಡು ವರ್ಷ ಆತು. ಇನ್ನ ಇದನ್ನ ತಗದ ಬಿಡೂಣು.” ಅಧ್ಯಾಪಕರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಮೆಕ್ಯಾನಿಕನು ಮೊದಲು ಕಡ್ಡಿಯನ್ನು ತಿರುಗಿಸಿ ಕಳಚಿದ. ಒಳಚಾವಣಿಯ ಹೊದಿಕೆಯನ್ನು ಹರಿಯದಂತೆ ಸರಿಸಿ, ಬುಡದ ನಟ್ಟನ್ನು ಪಾನಾದಿಂದ ಬಿಚ್ಚಿದ. ರೇಡಿಯೋದ ಹಿಂಬದಿಯಿಂದ ಬಿಡಿಸಿದ ತಂತಿಯ ತುದಿಗೆ ಹುರಿಯೊಂದನ್ನು ಕಟ್ಟಿ, ಮೇಲಿನಿಂದ ಮೆಲ್ಲಗೆ ಎಳೆದುಕೊಂಡ. ಮುಂದೆಂದಾದರೂ ಹೊಸ ತಂತಿ ಹಾಯಿಸಬೇಕಾದರೆ ಹುರಿ ಅಲ್ಲಿರಲೆಂದು. ಬಳಿಕ ತೂತಿನ ಸುತ್ತಲಿನ ತುಕ್ಕನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಬಳಿದು ಒಣಗಿಸಿ, ರಬ್ಬರಿನ ಬಿರಡೆಯನ್ನು ಅಂಟಿನೊಡನೆ ಕೂರಿಸಿದ.

ಅಧ್ಯಾಪಕರು ಕಡ್ಡಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮೊಮ್ಮಗ ಬಂದು ಮರಾಠಿಯಲ್ಲಿ ಕೇಳಿದ: “ಆಜೋಬಾ, ಹೇ ಕಾಯ್?”

ಮಗುವಿನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೆ ಬಂದ ಭಾಷೆಯಲ್ಲಿ ಅದು ಕೇಳಿತ್ತು. ಆದರೆ ಅಧ್ಯಾಪಕರಿಗೆ ಸಂಕೇಶ್ವರದ ಹೊಳೆ ನೆನಪಾಯಿತು. ಆಕಾಶದಿಂದ ಬರುವ ಕನ್ನಡಕ್ಕಾಗಿ ಅವರು ಹಿಂದಿನ ಸೀಟಿನ ಕನ್ನಡವನ್ನು ಎಷ್ಟೋ ವರ್ಷ ಸುಮ್ಮನಿರಿಸಿದ್ದರು. ಆ ಮೌನದಲ್ಲಿ ಬೆಳೆದ ಮಗ ತಂದೆಯೊಡನೆ ಮಾತ್ರ ಕನ್ನಡವಾಡುತ್ತಿದ್ದ, ತನ್ನ ಮಗನೊಡನೆ ಆಡುತ್ತಿರಲಿಲ್ಲ. ಪರನಾಡಿನಲ್ಲಿ ಭಾಷೆ ಉಳಿಯುವುದು ಕೇಳುವುದರಿಂದಷ್ಟೇ ಅಲ್ಲ, ಮರುಮಾತು ಕೊಡುವುದರಿಂದ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದವರು ಅವರೇ.

“ಇದಕ್ಕ ಏರಿಯಲ್ ಅಂತಾರಪ್ಪಾ. ಬಾ, ಕೂಡು, ಹೇಳತೇನಿ” ಎಂದರು.

ಮುಂದಿನ ದೀಪಾವಳಿಗೆ ಊರಿಗೆ ಹೊರಟಾಗ ಕಾರಿನಲ್ಲಿ ರೇಡಿಯೋ ಇರಲಿಲ್ಲ. ಸಂಕೇಶ್ವರ ಬಂದಿತು. ಯಾರೂ ಕೇಳುವ ಮುನ್ನವೇ ಅವರು ಹೊಳೆಯ ಹೆಸರು ಹೇಳಿದರು: “ಹಿರಣ್ಯಕೇಶಿ.” ಹಿಂದಿನ ಸೀಟಿನ ಮೊಮ್ಮಗ ಅದನ್ನು ಎರಡು ಸಲ ತಪ್ಪಾಗಿ ಹೇಳಿ, ಮೂರನೆಯ ಸಲ ಸರಿಯಾಗಿ ಹೇಳಿದ.