ಸೌದೆ ಕೊಟ್ಟಿಗೆಗೆ ದೀಪ

ನಮ್ಮ ಇತಿಹಾಸದ ಮೇಷ್ಟರು ಒಂದು ದಿನ, 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋದ ಕಥೆಯನ್ನೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಕೊಂಡ ಕಥೆಯನ್ನೂ ಬಲು ಸೊಗಸಾಗಿ ಹೇಳಿದರು. ತರಗತಿಯೆಲ್ಲ ಹೆಮ್ಮೆಯಿಂದ ಕೇಳಿತು. ಹಿಂದಿನ ಬೆಂಚಿನಲ್ಲಿದ್ದ ನಾನೊಬ್ಬ ಮಾತ್ರ ತಲೆ ತಗ್ಗಿಸಿಕೊಂಡು ಕುಳಿತಿದ್ದೆ. ಅದೇ ವಿದ್ಯುತ್ತನ್ನು ನಮ್ಮ ಮನೆಯಿಂದ ಹಿತ್ತಿಲ ಸೌದೆ ಕೊಟ್ಟಿಗೆಯವರೆಗೆ, 92 ಮೈಲಿಯಲ್ಲ, ಬರಿಯ 90 ಅಡಿ ಸಾಗಿಸಲು ಹೊರಟು ನಾನು ಮಾಡಿದ ಅನಾಹುತ ಆಗ ಹೊಸದಾಗಿತ್ತು. ಅದನ್ನು ಬರೆಯಬೇಕೆಂದು ಹಲವು ಸಲ ಅಂದುಕೊಂಡು, ನಾಚಿಕೆಯಿಂದ ಬಿಟ್ಟಿದ್ದೆ. ಈಗ ವಾರ್ಷಿಕ ಸಂಚಿಕೆಯ ಸಂಪಾದಕ ಮಿತ್ರರ ಒತ್ತಾಯವೂ ಕೂಡಿಕೊಂಡುದರಿಂದ ಬರೆಯುತ್ತಿದ್ದೇನೆ.

ನಮ್ಮೂರು ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವೆ ಇರುವ ಹಳ್ಳಿ. ಮನೆ ಚಿಕ್ಕದು, ಮಂದಿ ಹೆಚ್ಚು. ಬಿ.ಎ. ಎರಡನೆಯ ವರ್ಷಕ್ಕೆ ಬರುವ ಹೊತ್ತಿಗೆ ನನಗೆ ಓದಲು ಒಂದು ಪ್ರತ್ಯೇಕ ಕೊಠಡಿ ಬೇಕೇ ಬೇಕೆಂಬ ಹಟ ಹತ್ತಿತು. ಅಜ್ಜಿಯ ಕೆಮ್ಮು, ಟಿ.ವಿ.ಯ ಗದ್ದಲ, ಹೊತ್ತು ಗೊತ್ತಿಲ್ಲದೆ ಬರುವ ನೆಂಟರು, ಇವುಗಳ ನಡುವೆ ಹಳಗನ್ನಡ ಕಾವ್ಯವನ್ನು ಓದಿ ಅರ್ಥಮಾಡಿಕೊಳ್ಳುವುದು ಹೇಗೆ? ಹಿತ್ತಿಲಲ್ಲಿ ಹೆಂಚು ಹೊದಿಸಿದ ಸೌದೆ ಕೊಟ್ಟಿಗೆಯೊಂದಿತ್ತು. ಗ್ಯಾಸ್ ಬಂದಮೇಲೆ ಬಚ್ಚಲ ಒಲೆಗೆ ಬೇಕಾದಷ್ಟೇ ಸೌದೆ ಉಳಿದು, ಅರ್ಧ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅದನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿದು, ಒಂದು ಮೇಜು ಹಾಕಿಕೊಂಡೆ. ಇನ್ನು ಬೇಕಾದುದು ದೀಪವೊಂದೇ.

ದೀಪವೆಂದರೆ ಎಷ್ಟು ದೊಡ್ಡದು? 9 ವ್ಯಾಟಿನ ಒಂದು ಎಲ್.ಇ.ಡಿ. ಬಲ್ಬು. ಅಪ್ಪಯ್ಯ, “ಯಾರಾದರೂ ತಿಳಿದವರನ್ನು ಕರೆಸುವ,” ಎಂದರು. ಅವರಿಗೆ ಕೊಡುವ ದುಡ್ಡಿನಲ್ಲಿ ನಾಲ್ಕು ಪುಸ್ತಕ ಬರುತ್ತವೆಂದು ನಾನು ವಾದಿಸಿದೆ. ಪೇಟೆಯಿಂದ ಜೋಡಿ ಎಳೆಯ ತೆಳು ವೈರನ್ನು ತಂದೆ. ಮನೆಯ ಹಿಂಬಾಗಿಲಿನಿಂದ ಕೊಟ್ಟಿಗೆಯ ಮುಂದಿನ ಕಬ್ಬಿಣದ ಪೈಪಿನ ಕಂಬದವರೆಗೆ, ಅಮ್ಮ ಬಟ್ಟೆ ಒಣಹಾಕುತ್ತಿದ್ದ ಜಿ.ಐ. ತಂತಿ ಮೊದಲೇ ಇತ್ತಲ್ಲ! ಅದರ ಮೈಗೆ ನನ್ನ ವೈರನ್ನು ಎರಡೆರಡು ಅಡಿಗೆ ಕಟ್ಟುತ್ತ ಹೋದೆ. ನಡುವೆ ವೈರು ಸಾಲದೆ ಬಂದುದರಿಂದ ಹಳೆಯ ತುಂಡೊಂದನ್ನು ಗಂಟು ಹಾಕಿ ಟೇಪು ಸುತ್ತಿದೆ. ಮನೆಯ ತುದಿಗೆ ಎರಡು ಕಡ್ಡಿಯ ಪ್ಲಗ್ಗು, ಕೊಟ್ಟಿಗೆಯ ತುದಿಗೆ ಸ್ವಿಚ್ಚು ಮತ್ತು ಬಲ್ಬು. ಅಂದು ಸಂಜೆ ದೀಪ ಹೊತ್ತಿದಾಗ ನನಗಾದ ಸಂತೋಷ, ಶಿವನಸಮುದ್ರದ ಎಂಜಿನಿಯರುಗಳಿಗೂ ಆಗಿರಲಾರದು. ಮನೆಯವರೆಲ್ಲ ಬಂದು ನೋಡಿದರು. ಅಜ್ಜಿಯಂತೂ ದೀಪಕ್ಕೆ ಕೈಮುಗಿದಳು. ಆಗ ಫೆಬ್ರವರಿ ತಿಂಗಳು; ನೆಲ ಒಣಗಿ ಬಿರುಕು ಬಿಟ್ಟಿತ್ತು. ಬೇಸಗೆಯೆಲ್ಲ ನನ್ನ ಎಂಜಿನಿಯರಿಂಗು ನಿರಾತಂಕವಾಗಿ ನಡೆಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಆಗುಂಬೆಯ ಕಡೆಯ ಮಳೆಯನ್ನು ಬಯಲುಸೀಮೆಯ ಮಿತ್ರರಿಗೆ ವರ್ಣಿಸುವ ಸಾಹಸಕ್ಕೆ ಹೋಗುವುದಿಲ್ಲ. ಒಂದು ದಿನ ಮಳೆ ಸ್ವಲ್ಪ ಹೊಳವಾದಾಗ ಅಮ್ಮ ಬಟ್ಟೆ ಹರವಲು ಹೋದವಳು ಹಿಂದಕ್ಕೆ ಬಂದು, “ತಂತಿ ಮುಟ್ಟಿದರೆ ಕೈ ಜುಮ್ ಅಂತದೆ ಕಣೋ,” ಎಂದಳು. ನಾನು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, “ತಣ್ಣೀರಲ್ಲಿ ಬಟ್ಟೆ ಸೆಣೆದರೆ ಕೈ ಜುಮ್ಮೆನ್ನದೆ ಇನ್ನೇನು ಅಂತದೆ?” ಎಂದೆ. ಮರುದಿನ ಅವಳು ಬಟ್ಟೆ ಹರವಿದಳು, ಏನೂ ಆಗಲಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ದೂರು. ಈ ಸಲ ನಾನು ಟೆಸ್ಟರು ಹಿಡಿದುಕೊಂಡು, ಮನೆಯವರೆಲ್ಲರೂ ನೋಡುತ್ತಿರುವಂತೆ ತಂತಿಗೆ ಮುಟ್ಟಿಸಿ ತೋರಿಸಿದೆ. ಟೆಸ್ಟರಿನೊಳಗಿನ ದೀಪ ಹೊತ್ತಲಿಲ್ಲ. “ನೋಡು! ಇದು ವಿಜ್ಞಾನ. ನಿನ್ನದು ಬರೀ ಭ್ರಮೆ,” ಎಂದೆ. ವಿಜ್ಞಾನದ ಒಂದು ಪುಟವನ್ನೂ ಹೈಸ್ಕೂಲಿನಿಂದೀಚೆಗೆ ತಿರುವಿಹಾಕದ ಕಲಾ ವಿದ್ಯಾರ್ಥಿಯ ಮಾತು ಇದು. ಅಮ್ಮ ವಾದಿಸಲಿಲ್ಲ. ಅಂದಿನಿಂದ ಬಟ್ಟೆಯನ್ನು ಜಗಲಿಯ ಮೇಲೆ ಹರವತೊಡಗಿದಳು. ಜಗಲಿಯೆಲ್ಲ ಮುಗ್ಗಲು ನಾತ. “ಅಮ್ಮನಿಗೆ ತಂತಿಯ ಭೂತ ಹಿಡಿದಿದೆ,” ಎಂದು ನಾನು ತಂಗಿಯೊಡನೆ ಸೇರಿಕೊಂಡು ನಕ್ಕೆ.

ಆರಿದ್ರಾ ಮಳೆಯ ಕೊನೆಯ ಭಾಗ. ಬೆಳಿಗ್ಗೆ ಒಂದಿಷ್ಟು ಬಿಸಿಲು ಕಂಡಿತೆಂದು ಕರುವನ್ನು ಹೊರಗೆ ತಂದು, ಆ ಪೈಪಿನ ಕಂಬಕ್ಕೆ ಕಟ್ಟಿದೆ. ಕಟ್ಟಿದವನು ನಾನೇ. ಬೆಳ್ಳಿ ಎಂದು ಅದರ ಹೆಸರು. ನಾಲ್ಕು ತಿಂಗಳ ಹೆಣ್ಣುಗರು. ಹಣೆಯ ಮೇಲೆ ಬಿಳಿಯ ಚುಕ್ಕೆ ಇದ್ದುದರಿಂದ ತಂಗಿ ಇಟ್ಟ ಹೆಸರು. ಕಂಬವನ್ನು ಹಿಡಿದೇ ಹಗ್ಗ ಬಿಗಿದೆ, ನನಗೇನೂ ಆಗಲಿಲ್ಲ. ಒಳಗೆ ಹೋಗಿ ಕಾಫಿ ಕುಡಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ತಂಗಿಯ ಕೂಗು ಕೇಳಿಸಿತು.

ಬೆಳ್ಳಿ ಕಂಬಕ್ಕೆ ಒರಗಿದಂತೆ ಬಿದ್ದು, ಕಾಲು ಸೆಟೆದುಕೊಂಡಿತ್ತು. ನಾನು ಅದನ್ನು ಎಳೆಯಲು ಕೈ ಚಾಚಿದೆ. ಹಿಂದಿನಿಂದ ಯಾರೋ ನನ್ನ ಅಂಗಿಯನ್ನು ಹಿಡಿದು ಜಗ್ಗಿದ ರಭಸಕ್ಕೆ ಕೆಸರಿನಲ್ಲಿ ಕುಳಿತುಬಿಟ್ಟೆ. ಅಮ್ಮ. “ಮುಟ್ಟಬೇಡ! ಮುಟ್ಟಬೇಡ್ವೋ!” ಎಂದು ಅವಳು ಕಿರುಚಿದ ದನಿ ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಅಪ್ಪಯ್ಯ ಓಡಿಹೋಗಿ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅತ್ತ ಕೊಟ್ಟಿಗೆಯಲ್ಲಿ ಬೆಳ್ಳಿಯ ತಾಯಿ ಕೂಗುತ್ತಿತ್ತು. ಸಂಜೆ ಹಾಲು ಕರೆಯಲು ಹೋದಾಗಲೂ ಕೂಗುತ್ತಿತ್ತು.

ಮಧ್ಯಾಹ್ನ ಅಪ್ಪಯ್ಯ ಲೈನ್ ಮಾಮನನ್ನು ಕರೆತಂದರು. ಅವರು ಬಹಳ ವರ್ಷ ಲೈನ್‌ಮನ್ ಕೆಲಸ ಮಾಡಿ ನಿವೃತ್ತರಾದವರು. ಊರಿಗೆಲ್ಲ ಅವರು ಲೈನ್ ಮಾಮನೇ. ಅವರು ಬಂದವರು ಮೊದಲು ಯಾರನ್ನೂ ಬಯ್ಯಲಿಲ್ಲ. ನನ್ನ ವೈರನ್ನು ಉದ್ದಕ್ಕೂ ನೋಡುತ್ತ ಹೋಗಿ, ಟೇಪು ಸುತ್ತಿದ ಗಂಟಿನ ಬಳಿ ನಿಂತರು. ಮಳೆಗೆ ಟೇಪಿನ ಅಂಟು ಬಿಟ್ಟು, ಒಂದು ಎಳೆಯ ತಾಮ್ರ ಹೊರಗೆ ಇಣುಕಿ, ಬಟ್ಟೆಯ ತಂತಿಗೆ ತಾಗಿಕೊಂಡಿತ್ತು. ಆಮೇಲೆ ಮನೆಯೊಳಗೆ ಬಂದು ಪ್ಲಗ್ಗನ್ನು ನೋಡಿದರು. “ಇದನ್ನು ಆಗಾಗ ತೆಗೆದು ಹಾಕುತ್ತಿದ್ದಿರಾ?” ಎಂದು ಕೇಳಿದರು. ಹೌದು, ಫೋನು ಚಾರ್ಜು ಮಾಡಲು ಅದೇ ಜಾಗ. ಫೋನಿನದು ತೆಗೆದು ಕೊಟ್ಟಿಗೆಯದು ಹಾಕುತ್ತಿದ್ದೆವು ಎಂದೆ.

ಲೈನ್ ಮಾಮ ಪ್ಲಗ್ಗನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿದರು. “ಎರಡು ಕಡ್ಡಿಯ ಪ್ಲಗ್ಗು ಹೇಗೆ ಬೇಕಾದರೂ ಹೋಗ್ತದೆ ಮಾರಾಯ. ಹೀಗೆ ಹಾಕಿದರೆ ತಾಮ್ರ ಕಾಣುವ ಎಳೆಗೆ ಫೇಸು ಬರ್ತದೆ, ಹೀಗೆ ಹಾಕಿದರೆ ನ್ಯೂಟ್ರಲ್ ಬರ್ತದೆ. ಬಲ್ಬಿಗೆ ಎರಡೂ ಒಂದೇ, ಹೊತ್ತಿಕೊಳ್ತದೆ. ಈ ಕಡೆ ಹಾಕಿದ ದಿನ ನಿಮ್ಮಮ್ಮ ಹೇಳಿದ್ದು ಸರಿ. ಆ ಕಡೆ ಹಾಕಿದ ದಿನ ನಿನ್ನ ಟೆಸ್ಟರು ಹೇಳಿದ್ದು ಸರಿ.”

ನಾನು ಮಾತಾಡಲಿಲ್ಲ. ಕರುವನ್ನು ಕಟ್ಟಿ ಒಳಗೆ ಬಂದವನು, ಕಾಫಿ ಕುಡಿಯುವಾಗ ಚಾರ್ಜಾದ ಫೋನನ್ನು ತೆಗೆದು ಆ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದ್ದೆ. ಯಾವ ಕಡೆಗೆ ಸಿಕ್ಕಿಸಿದೆನೆಂಬುದನ್ನು ಯಾರು ನೋಡಿಕೊಳ್ಳುತ್ತಾರೆ?

“ಫ್ಯೂಸ್ ಯಾಕೆ ಹೋಗಲಿಲ್ಲ?” ಎಂದು ಅಪ್ಪಯ್ಯ ಕೇಳಿದರು. ನನಗೂ ಅದೇ ಸಂದೇಹವಿತ್ತು. ಫ್ಯೂಸೆಂಬುದು ಮನುಷ್ಯರನ್ನು ಕಾಯಲು ಇರುವ ದೇವರೆಂದು ನಾನು ತಿಳಿದಿದ್ದೆ. ಅದು ವೈರನ್ನು ಕಾಯುತ್ತದೆ ಅಷ್ಟೆ, ಎಂದರು ಲೈನ್ ಮಾಮ. ನಮ್ಮದು 5 ಆಂಪಿಯರಿನ ಫ್ಯೂಸು. ಕಂಬದ ಬುಡದ ಮಣ್ಣು 100 ಓಮ್ ಅಡ್ಡಿ ಮಾಡಿತೆಂದು ಇಟ್ಟುಕೊಂಡರೆ, 230 ವೋಲ್ಟಿಗೆ ಅದರ ಮೂಲಕ ನೆಲಕ್ಕಿಳಿಯುವುದು 2.3 ಆಂಪಿಯರು. ಫ್ಯೂಸಿನ ಪಾಲಿಗೆ ಅದೊಂದು ಲೆಕ್ಕವೇ ಅಲ್ಲ. ಯಾರೋ ಒಂದು ಸಣ್ಣ ಒಲೆ ಹಚ್ಚಿದ್ದಾರೆಂದುಕೊಂಡು ಸುಮ್ಮನಿರುತ್ತದೆ. ಆದರೆ ಜೀವವಿರುವ ಮೈಗೆ ಅದರ ನೂರರಲ್ಲೊಂದು ಪಾಲೂ ಅಪಾಯವೇ. ನನ್ನ ಪುಟ್ಟ ಬಲ್ಬು ಎಳೆದುಕೊಳ್ಳುತ್ತಿದ್ದುದು ಸುಮಾರು 40 ಮಿಲಿ ಆಂಪಿಯರು. ಅಷ್ಟು ಎದೆಯ ಮೂಲಕ ಹಾದುಹೋದರೆ ಸಾಕು, ಹೃದಯದ ಬಡಿತ ತಪ್ಪಬಹುದು. ಅಮ್ಮನ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು; ಆಗಿನ್ನೂ ಟೇಪು ಪೂರ್ತಿ ಬಿಟ್ಟಿರಲಿಲ್ಲ. ಕರುವಿಗೆ ಚಪ್ಪಲಿಯಿಲ್ಲ, ಒದ್ದೆ ನೆಲದ ಮೇಲೆ ನಾಲ್ಕು ಕಾಲು, ತುರಿಕೆಯಾಯಿತೆಂದು ಕುತ್ತಿಗೆಯನ್ನು ಕಂಬಕ್ಕೆ ಉಜ್ಜಿರಬೇಕು.

ಇಷ್ಟನ್ನೂ ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು. ‘ನಾನು ಹೇಳಲಿಲ್ಲವೇ’ ಎಂದು ಅವಳು ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಲೈನ್ ಮಾಮನ ಕಡೆಗೆ ತಿರುಗಿ, “ಹಾಗಾದರೆ ನನಗೆ ಜುಮ್ ಅಂದದ್ದು ಸುಳ್ಳಲ್ಲ ಅಲ್ವಾ?” ಎಂದು ಮಾತ್ರ ಕೇಳಿದಳು. “ಸುಳ್ಳಲ್ಲ ಅತ್ತಿಗೆ,” ಎಂದರು ಅವರು. ಅವಳು ಒಳಗೆ ಹೋದಳು.

ಕೊಟ್ಟಿಗೆಯ ದೀಪದ ಆಸೆಯನ್ನು ನಾನು ಬಿಟ್ಟಿದ್ದೆ. ಬೇಡವೆಂದವನನ್ನು ಒಪ್ಪಿಸಿದವರು ಲೈನ್ ಮಾಮ. “ಅಡ್ಡದಾರಿಯಲ್ಲಿ ತಂದದ್ದು ತಪ್ಪು. ನೆಟ್ಟಗಿನ ದಾರಿ ಇದೆ,” ಎಂದರು. ಮಳೆಗಾಲ ಕಳೆದು, ಅಡಿಕೆ ಮಾರಿ ಕೈಯಲ್ಲಿ ದುಡ್ಡು ಆಡಿದಮೇಲೆ ಕೆಲಸ ಶುರುವಾಯಿತು. ಹೊರಗೆ ನೇತಾಡುವ ವೈರೇ ಬೇಡ, ಕಬ್ಬಿಣದ ಕವಚವಿರುವ ಕೇಬಲ್ಲನ್ನು ನೆಲದೊಳಗೆ ಹಾಕಬೇಕು. ಎರಡೂವರೆ ಅಡಿ ಆಳದ ಕಾಲುವೆ ಬೇಕು. ಅಗೆಯುವ ಕೆಲಸವನ್ನು ಆಳಿಗೆ ಕೊಡಲು ನಾನು ಒಪ್ಪಲಿಲ್ಲ. ನಮ್ಮ ಹಿತ್ತಿಲ ನೆಲ ಜಂಬಿಟ್ಟಿಗೆಯದು. ಮೇಲೊಂದು ಅಡಿ ಮಣ್ಣು, ಆಮೇಲೆ ಗುದ್ದಲಿಯನ್ನೇ ವಾಪಸು ಕಳಿಸುವ ಕಲ್ಲು. ಗೊಬ್ಬರದ ಗುಂಡಿಯನ್ನೂ ಹಲಸಿನ ಮರದ ಬೇರನ್ನೂ ಬಳಸಿ ಹೋಗಬೇಕಾದುದರಿಂದ 90 ಅಡಿ ಇದ್ದುದು 110 ಅಡಿಯಾಯಿತು. ಹನ್ನೊಂದು ದಿನ ಹಿಡಿಯಿತು. ಕೈಯ ಬೊಬ್ಬೆಗಳನ್ನು ನೋಡಿ ತರಗತಿಯ ಗೆಳೆಯರು ಗೇಲಿ ಮಾಡಿದರು, ಕಾರಣ ಹೇಳಿರಲಿಲ್ಲ.

ಕಾಲುವೆಯ ತಳಕ್ಕೆ ಮರಳು, ಮರಳಿನ ಮೇಲೆ ಕೇಬಲ್ಲು, ಮತ್ತೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ. ನಾಳೆ ಯಾರಾದರೂ ಬಾಳೆಗಿಡ ನೆಡಲು ಅಗೆದರೆ ಗುದ್ದಲಿಗೆ ಮೊದಲು ಇಟ್ಟಿಗೆ ಸಿಗಲಿ ಎಂದು. ಸ್ವಿಚ್ ಬೋರ್ಡಿನ ಕೆಲಸಕ್ಕೆ ಲೈನ್ ಮಾಮ ತಾವೇ ಕೈ ಹಾಕದೆ, ಪೇಟೆಯಿಂದ ಲೈಸೆನ್ಸ್ ಇರುವವರನ್ನು ಕರೆಸಿದರು. ಎರಡು ಕಡ್ಡಿಯ ಪ್ಲಗ್ಗು ಹೋಗಿ, ಫೇಸು, ನ್ಯೂಟ್ರಲ್, ಅರ್ತ್ ಎಂದು ಮೂರು ಎಳೆ ಬಂದವು. ಅರ್ತಿಗಾಗಿ ಎಂಟು ಅಡಿ ಉದ್ದದ ಜಿ.ಐ. ಪೈಪನ್ನು ನೆಲಕ್ಕಿಳಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿದರು. ಉಪ್ಪನ್ನು ಅಮ್ಮ ಅಡಿಗೆಮನೆಯಿಂದ ತಂದಳು. ಇದ್ದಿಲು ಬಚ್ಚಲ ಒಲೆಯದು. ಮಣ್ಣು ಒಣಗಬಾರದು, ಬೇಸಗೆಯಲ್ಲಿ ನೀರು ಹಾಕುತ್ತಿರಬೇಕು ಎಂದು ಹೇಳಿದ್ದರಿಂದ ಅವಳು ತುಳಸಿಗೆ ನೀರೆರೆದ ಚೊಂಬಿನಲ್ಲಿ ಒಂದಿಷ್ಟು ಉಳಿಸಿಕೊಂಡು ಅದಕ್ಕೂ ಎರೆಯುತ್ತಾಳೆ. ಈಗ ಅಲ್ಲಿ ಕೆಸು ಸೊಂಪಾಗಿ ಬೆಳೆದಿದೆ.

ಎಲ್ಲಕ್ಕಿಂತ ನನಗೆ ಬೆರಗಾದುದು ಮನೆಯ ಬೋರ್ಡಿನಲ್ಲಿ ಹಾಕಿದ ಒಂದು ಪುಟ್ಟ ಪೆಟ್ಟಿಗೆ. ಆರ್.ಸಿ.ಸಿ.ಬಿ. ಎಂದು ಅದರ ಹೆಸರು. ಅದು ಎಷ್ಟು ವಿದ್ಯುತ್ತು ಖರ್ಚಾಯಿತೆಂದು ನೋಡುವುದೇ ಇಲ್ಲ. ಒಂದು ಎಳೆಯಲ್ಲಿ ಹೋದುದು ಇನ್ನೊಂದು ಎಳೆಯಲ್ಲಿ ಅಷ್ಟೇ ಹಿಂತಿರುಗಿತೇ ಎಂಬುದನ್ನು ಮಾತ್ರ ತೂಗುತ್ತಿರುತ್ತದೆ. ಹೋದ ಲೆಕ್ಕಕ್ಕೂ ಬಂದ ಲೆಕ್ಕಕ್ಕೂ 30 ಮಿಲಿ ಆಂಪಿಯರಿನ ವ್ಯತ್ಯಾಸ ಬಂದರೆ, ಎಲ್ಲೋ ಯಾವುದೋ ಮೈಯ ಮೂಲಕ ನೆಲಕ್ಕೆ ಸೋರುತ್ತಿರಬಹುದೆಂದು, ಕಣ್ಣು ಮಿಟುಕಿಸುವುದರೊಳಗೆ ದಾರಿ ಕಡಿದುಬಿಡುತ್ತದೆ. ಅಮ್ಮನಿಗೆ ಜುಮ್ಮೆಂದರೆ ಅದಕ್ಕೂ ಜುಮ್ಮೆನ್ನುತ್ತದೆ, ಆದರೆ ಅದನ್ನು ಭ್ರಮೆ ಎನ್ನಲು ನನ್ನಂಥವನೊಬ್ಬ ಅದರ ಪಕ್ಕದಲ್ಲಿ ಇರುವುದಿಲ್ಲ. ಇದರ ಬೆಲೆ ನಾನು ಕೊಂಡ ಪುಸ್ತಕಗಳಿಗಿಂತ ಹೆಚ್ಚೇನೂ ಅಲ್ಲ. ಕೊಟ್ಟಿಗೆಗೆ, ಪಂಪ್ ಮನೆಗೆ, ಬಚ್ಚಲಿಗೆ ನನ್ನ ಹಾಗೆಯೇ ವೈರು ಎಳೆದುಕೊಂಡ ಮನೆಗಳಿಂದ ಬರುವ ಮಿತ್ರರು ನಮ್ಮ ಕಾಲೇಜಿನಲ್ಲಿ ಹಲವರಿದ್ದಾರೆಂದು ಬಲ್ಲೆನಾದುದರಿಂದ ಇದನ್ನು ಇಷ್ಟು ವಿವರವಾಗಿ ಬರೆದೆ.

ಬಟ್ಟೆಯ ತಂತಿಯನ್ನು ಬಿಚ್ಚಿ ಗುಜರಿಗೆ ಹಾಕಿದೆವು. ಈಗ ಎರಡು ಅಡಿಕೆ ಮರಗಳ ನಡುವೆ ನೈಲಾನ್ ಹಗ್ಗ ಇದೆ. ಪೈಪಿನ ಕಂಬವನ್ನು ಅಪ್ಪಯ್ಯ ಕಿತ್ತುಹಾಕಿದರು. ಅದರ ಗುಂಡಿಯನ್ನು ಮುಚ್ಚಿದವಳು ತಂಗಿ.

ನಾನು ಈಗ ಕೊಟ್ಟಿಗೆಯಲ್ಲಿಯೇ ಓದುತ್ತೇನೆ. ಆ ಪುಟ್ಟ ಪೆಟ್ಟಿಗೆಯ ಮೇಲೊಂದು ಗುಂಡಿ ಇದೆ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂದು ಲೈನ್ ಮಾಮ ಹೇಳಿಹೋಗಿದ್ದಾರೆ. ಆ ಕೆಲಸವನ್ನು ಅಮ್ಮ ಯಾರಿಗೂ ಬಿಟ್ಟುಕೊಟ್ಟಿಲ್ಲ. ನನ್ನ ಓದಿನ ಹೊತ್ತನ್ನು ಅವಳು ಲೆಕ್ಕಕ್ಕಿಟ್ಟುಕೊಳ್ಳುವುದೂ ಇಲ್ಲ. ಷಟ್ಪದಿಯ ಅರ್ಧಕ್ಕೆ ಕೊಟ್ಟಿಗೆಯೆಲ್ಲ ಥಟ್ಟನೆ ಕತ್ತಲಾಗುತ್ತದೆ. ನಾನು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕುಳಿತಿರುತ್ತೇನೆ. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನಿಂದ, “ಸರಿ ಉಂಟು ಕಣೋ!” ಎಂದು ಕೂಗು ಕೇಳಿಸುತ್ತದೆ, ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.